ಮಜ್ಜಿಗೆಯಲ್ಲಿ ನಾಯಿಯ ಪಾಲು

ಬೆಳಗಾವಿಯ ನೆಹರು ನಗರದಲ್ಲಿ ನಮ್ಮ ಮನೆ. ಒಂದು ಕಡೆಗೆ ಕೆ.ಎಲ್.ಇ. ಸಂಸ್ಥೆಯ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು. ಇನ್ನೊಂದು ಕಡೆಗೆ ಪರಂಪರಾಗತ ವೈದ್ಯವನ್ನು ಅಭ್ಯಸಿಸುವ ಕೇಂದ್ರ ಸರಕಾರದ ಸಂಶೋಧನ ಸಂಸ್ಥೆ. ಇಷ್ಟು ಮಂದಿ ವೈದ್ಯರ ನೆರೆಯಲ್ಲಿ ವಾಸವಾಗಿರುವವನಿಗೆ ಪಥ್ಯ ಅಪಥ್ಯಗಳ ಮಾತು ಕಿವಿಗೆ ಬೀಳದೆ ಒಂದು ದಿನವೂ ಕಳೆಯುವುದಿಲ್ಲ. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ಮನೆಯೊಳಗೇ ಎದ್ದ ಪಥ್ಯದ ಪ್ರಶ್ನೆಯೊಂದು ಮನುಷ್ಯರದಾಗಿರಲಿಲ್ಲ, ಅದು ನಾಯಿಯದಾಗಿತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು ರಜೆಗೆಂದು ಬಂದವಳು ತನ್ನ ನಾಯಿಯನ್ನೂ ಸಂಗಡ ಕರೆತಂದಿದ್ದಳು. ಬ್ರೂನೋ ಎಂದು ಅದರ ಹೆಸರು. ಮಧ್ಯಾಹ್ನದ ಬಿಸಿಲಿಗೆ ಬಾಯಾರಿ ನಾನು ಫ್ರಿಜ್ಜಿನ ಬಾಗಿಲು ತೆರೆದೆ. ಒಂದು ಬಾಟಲಿಯಲ್ಲಿ ಬೆಳ್ಳಗೆ, ಮಂದವಾಗಿ ಏನೋ ಇತ್ತು. ಮಜ್ಜಿಗೆಯೇ ಇರಬೇಕೆಂದು ಲೋಟಕ್ಕೆ ಬಗ್ಗಿಸಿದೆ.

“ಅಜ್ಜಾ, ಅದು ನಿಮ್ಮದಲ್ಲ, ಬ್ರೂನೋಂದು!” ಎಂದು ಮೊಮ್ಮಗಳು ಒಳಗಿನಿಂದ ಓಡಿಬಂದಳು.

ಅದರ ಹೆಸರು ಕೆಫೀರ್ ಅಂತೆ. ಕಕೇಶಸ್ ಪರ್ವತಪ್ರಾಂತದ ಪಶುಪಾಲಕರು ಹಿಂದೆ ಚರ್ಮದ ಚೀಲಗಳಲ್ಲಿ ಹಾಲನ್ನು ಹುದುಗಿಸಿ ಮಾಡಿಕೊಳ್ಳುತ್ತಿದ್ದ ಪಾನೀಯ. ನಮ್ಮ ಮೊಸರಿನಲ್ಲಿ ಕೆಲಸ ಮಾಡುವಂಥ ಜೀವಾಣುಗಳ ಜೊತೆಗೆ ಅದರಲ್ಲಿ ಒಂದು ಬಗೆಯ ಯೀಸ್ಟೂ ಇರುತ್ತದೆ. ಆದುದರಿಂದ ನಾಲಗೆಯ ಮೇಲೆ ತುಸು ಚುರುಗುಟ್ಟುತ್ತದೆ. ನಾಯಿಯ ಹೊಟ್ಟೆಗೆ ಅದು ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಬಗ್ಗಿಸಿದ್ದನ್ನು ಚೆಲ್ಲಬಾರದೆಂದು ಒಂದು ಗುಟುಕು ಕುಡಿದೆ. ಬೆಲೆ ಕೇಳಿದ ಮೇಲೆ ಬಾಟಲಿಯನ್ನು ಎರಡೂ ಕೈಗಳಿಂದ ಹಿಡಿದು ಸ್ವಸ್ಥಾನಕ್ಕೆ ಸೇರಿಸಿದೆ.

“ಹಿಂದಕ ನಮ್ಮ ಕಡೆ ನಾಯಿಗೆ ಮಜ್ಜಿಗಿ ಹಾಕತಿದ್ರೇನು, ಅಜ್ಜಾ?” ಎಂದು ಅವಳು ಕೇಳಿದಳು.

“ಹಾಕತಿದ್ರವಾ” ಎಂದಷ್ಟೇ ಹೇಳಿ ಸುಮ್ಮನಾದೆ. ಮೂವತ್ತು ವರುಷ ಶಾಲೆಯಲ್ಲಿ ಇತಿಹಾಸದ ಪಾಠ ಹೇಳಿದವನು ನಾನು. ಯಾವ ಅರಸ ಯಾವ ಅರಸನನ್ನು ಎಲ್ಲಿ ಸೋಲಿಸಿದನೆಂದು ಕೇಳಿದರೆ ಥಟ್ಟನೆ ಹೇಳಬಲ್ಲೆ. ಆದರೆ ಮನೆಯ ಮಜ್ಜಿಗೆ ಯಾರ ಯಾರ ಪಾಲಿಗೆ ಹೋಗುತ್ತಿತ್ತು, ಅದು ಏಕೆ ನಿಂತುಹೋಯಿತು ಎಂಬುದನ್ನು ಎಂದೂ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೊಂದು ಕಾರಣವಿದೆ. ಮುಂದೆ ಹೇಳುತ್ತೇನೆ.

ನನ್ನ ಹುಟ್ಟೂರು ಖಾನಾಪುರ ತಾಲೂಕಿನ ಒಂದು ಹಳ್ಳಿ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅದೇ ತಾಲೂಕಿನಲ್ಲಿದೆ; ಮಳೆ ಧಾರಾಳ, ಕಾಡು ಧಾರಾಳ, ಹುಲ್ಲು ಧಾರಾಳ. ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆಗಳಿದ್ದವು. ಖಾನಾಪುರದ ಕುಂಬಾರರ ಮಡಕೆಗಳಿಗೆ ಸುತ್ತಮುತ್ತಲಿನ ಸೀಮೆಯಲ್ಲೆಲ್ಲ ಹೆಸರು. ಅಲ್ಲಿಯ ಒಂದು ದೊಡ್ಡ ಗಡಿಗೆಯಲ್ಲಿ ನಮ್ಮ ಆಯಿ, ಎಂದರೆ ತಂದೆಯ ತಾಯಿ, ದಿನ ಬಿಟ್ಟು ದಿನ ಮೊಸರು ಕಡೆಯುತ್ತಿದ್ದಳು. ನಸುಕಿನಲ್ಲಿ ಕಡೆಗೋಲಿನ ಸಪ್ಪಳ ಕೇಳಿ ನಾವು ಹುಡುಗರು ಕಣ್ಣು ತೆರೆಯುತ್ತಿದ್ದೆವು. ಆ ಸಪ್ಪಳಕ್ಕೆ ನಮಗಿಂತ ಮೊದಲು ಎಚ್ಚರಗೊಳ್ಳುತ್ತಿದ್ದವನು ಕಾಳ್ಯಾ.

ಕಾಳ್ಯಾ ನಮ್ಮ ನಾಯಿ. ಮೈಯೆಲ್ಲ ಕಪ್ಪು, ಎದೆಯ ಮೇಲೊಂದು ಬಿಳಿಯ ಮಚ್ಚೆ. ಅವನ ಕುಲಗೋತ್ರ ಯಾರಿಗೂ ತಿಳಿಯದು. ಕಡೆಗೋಲಿನ ಸಪ್ಪಳ ನಿಂತಿತೆಂದರೆ ಬೆಣ್ಣೆ ಬಂತೆಂದು ಅವನಿಗೆ ಗೊತ್ತು. ಬೆಣ್ಣೆಯ ಮೇಲೆ ಅವನಿಗೆ ಆಸೆಯಿರಲಿಲ್ಲವೆಂದು ಹೇಳಲಾರೆ, ಹಕ್ಕಂತೂ ಇರಲಿಲ್ಲ. ಬೆಣ್ಣೆಯ ಮುದ್ದೆ ನೀರಿನ ಪಾತ್ರೆಗೆ ಹೋಗುತ್ತಿತ್ತು. ಅಲ್ಲಿಂದ ಖಾನಾಪುರದ ಸಂತೆಗೆ. ಗಡಿಗೆಯಲ್ಲಿ ಉಳಿದ ಮಜ್ಜಿಗೆಯ ಹಂಚಿಕೆಯಲ್ಲಿ ಆಯಿಯದೊಂದು ಕ್ರಮವಿತ್ತು. ಮೊದಲು ಮನೆಯ ಮಕ್ಕಳು, ಬಾಣಂತಿ ಇದ್ದರೆ ಬಾಣಂತಿ. ಆಮೇಲೆ ತಂಬಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬಂದ ನೆರೆಯವರು. ಆಮೇಲೆ ಹೊಲಕ್ಕೆ ಹೋಗುವವರ ಬುತ್ತಿ. ಕೊನೆಗೆ ಗಡಿಗೆಯನ್ನು ನೀರು ಹಾಕಿ ತೊಳೆದ ಬಿಳಿಯ ತಿಳಿ ಮಜ್ಜಿಗೆ, ಅದರಲ್ಲಿ ಹಿಂದಿನ ದಿನದ ಜೋಳದ ರೊಟ್ಟಿಯ ಚೂರುಗಳು: ಇದು ಅಂಗಳದ ಮೂಲೆಯ ಕಲ್ಲುಮರಿಗೆಗೆ, ಕಾಳ್ಯಾನಿಗೆ. ಉಪ್ಪು ಬೆರೆಸುವುದು ಆತನ ಪಾಲು ತೆಗೆದ ಮೇಲೆಯೇ.

“ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಅನಬಾರದು, ಬಾಯಿ ಇಲ್ಲದ್ದನ್ನ ಮರೀಬಾರದು” ಎಂದು ಆಯಿ ಹೇಳುತ್ತಿದ್ದಳು.

ಇದನ್ನು ಓದಿ, ಹಿಂದಿನವರು ಎಷ್ಟು ದಯಾಳುಗಳಾಗಿದ್ದರು ಎಂದು ವಾಚಕರು ನಿಟ್ಟುಸಿರು ಬಿಡುವ ಮುನ್ನ ಒಂದು ಮಾತು. ದಯೆ ಇದ್ದುದು ನಿಜ. ಆದರೆ ದಯೆಗೆ ಅವಕಾಶ ಮಾಡಿಕೊಟ್ಟುದು ಪೇಟೆಯ ಲೆಕ್ಕಾಚಾರ. ಖಾನಾಪುರದ ಕಾಡಿನಲ್ಲಿ ಎಮ್ಮೆಗಳನ್ನು ಸಾಕಿಕೊಂಡಿರುವ ಗೌಳಿ ಧನಗರರನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಪರಿಸರವಿಜ್ಞಾನಿ ಮಾಧವ ಗಾಡಗೀಳ ಮತ್ತು ಮಾನವಶಾಸ್ತ್ರಜ್ಞ ಕೈಲಾಶ ಮಲ್ಹೋತ್ರಾ ಇವರು ಪಶ್ಚಿಮ ಘಟ್ಟದ ಈ ಜನರ ಜೀವನವನ್ನು ಅಭ್ಯಸಿಸಿ ೧೯೮೨ರಲ್ಲಿ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಗುಡ್ಡದ ಮೇಲಿನ ಗೌಳಿವಾಡೆಯಿಂದ ಪೇಟೆ ದೂರ. ಹಾಲು ಅಲ್ಲಿಗೆ ಮುಟ್ಟುವುದರೊಳಗೆ ಒಡೆದುಹೋಗುತ್ತದೆ. ಆದುದರಿಂದ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆಯನ್ನು ಕೆಳಗಿನ ಊರುಗಳಿಗೆ ಒಯ್ದು ಕಾಳುಕಡಿಗಳಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಮಜ್ಜಿಗೆ ಮನೆಯಲ್ಲೇ ಉಳಿಯುತ್ತಿತ್ತು. ಆ ಮಜ್ಜಿಗೆಯಿಂದಲೇ ಮೈಗೆ ಬೇಕಾದ ಸತ್ತ್ವ ದೊರೆಯುತ್ತಿದ್ದುದರಿಂದ ಕಾಡಿನ ನಡುವೆ ಇದ್ದೂ ಬೇಟೆಯಾಡುವ ಅವಶ್ಯಕತೆ ಅವರಿಗೆ ಬೀಳಲಿಲ್ಲವೆಂದು ಈ ವಿದ್ವಾಂಸರು ಹೇಳಿದರು.

ಬೆಣ್ಣೆ ಹಗುರ, ನಾಲ್ಕು ದಿನ ತಡೆಯುತ್ತದೆ, ಬೆಲೆ ಬರುತ್ತದೆ. ಮಜ್ಜಿಗೆ ಭಾರ, ಸಂಜೆಗೆ ಹುಳಿಯಾಗುತ್ತದೆ, ಕೊಳ್ಳುವವರಿಲ್ಲ. ಒಂದೇ ಗಡಿಗೆಯಲ್ಲಿ ಮಾರಲು ಬರುವ ವಸ್ತು ಮೇಲೆ, ಮಾರಲು ಬಾರದ ವಸ್ತು ಕೆಳಗೆ. ಮಾರಲು ಬಾರದ್ದನ್ನು ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ. ಹಳ್ಳಿಯಲ್ಲಿ ಮಜ್ಜಿಗೆ ಕೇಳಿ ತರುವುದು ಬೆಂಕಿ ಕೇಳಿ ತಂದಷ್ಟು ಸಹಜವಾಗಿದ್ದುದು ಹೀಗೆ. ಆದರೂ ಕೇಳುವವನಿಗೆ ಸಂಕೋಚ ಇದ್ದೇ ಇರುತ್ತದೆ. ಮಜ್ಜಿಗೆಗೆಂದು ಹೋದವನು ಪಾತ್ರೆಯನ್ನು ಬಚ್ಚಿಟ್ಟುಕೊಂಡನೆಂಬ ಗಾದೆಯನ್ನು ಬೆಳಗಾವಿಯಲ್ಲಿ ಮರಾಠಿಯಲ್ಲಿಯೂ ಕೇಳುತ್ತೇವೆ, ಕನ್ನಡದಲ್ಲಿಯೂ ಕೇಳುತ್ತೇವೆ. ನಾಯಿಗೆ ಆ ಸಂಕೋಚವಿಲ್ಲ. ಅದರ ಪಾತ್ರೆ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೇ ಇರುತ್ತದೆ.

ನಾಯಿಯ ಹೊಟ್ಟೆಗೆ ತುಪ್ಪ ದಕ್ಕದೆಂಬ ಮಾತೊಂದು ನಮ್ಮಲ್ಲಿ ಪ್ರಚಾರದಲ್ಲಿದೆ. ಇದು ವೈದ್ಯದ ಮಾತೋ, ಬೆಣ್ಣೆಯನ್ನು ಸಂತೆಗೆ ಕಾಯ್ದಿಡಬೇಕಾದ ಗೃಹಿಣಿಯ ಮಾತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತುಪ್ಪ ಮತ್ತು ನಾಯಿಯ ವ್ಯಾಜ್ಯ ನಮ್ಮ ದೇಶದಲ್ಲಿ ಬಹಳ ಹಳೆಯದು. ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ಅದು ಬರುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನು ದೀರ್ಘಸತ್ರ ನಡೆಸಿದ್ದಾನೆ. ದೇವಶುನಿಯಾದ ಸರಮೆಯ ಮಗ ಅಲ್ಲಿಗೆ ಬರುತ್ತಾನೆ. ರಾಜನ ತಮ್ಮಂದಿರು ಅವನನ್ನು ಹೊಡೆದು ಅಟ್ಟುತ್ತಾರೆ. ಅವನು ಅಳುತ್ತ ತಾಯಿಯ ಬಳಿಗೆ ಹೋಗುತ್ತಾನೆ; ಹವಿಸ್ಸನ್ನು ತಾನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎನ್ನುತ್ತಾನೆ. ಸರಮೆ ಯಜ್ಞಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೊರಟುಹೋಗುತ್ತಾಳೆ. ಕುರುಕುಲದ ಅಷ್ಟು ದೊಡ್ಡ ಕಥೆಯ ಬಾಗಿಲಿನಲ್ಲಿ ವ್ಯಾಸರು ಒಂದು ನಾಯಿಯ ನ್ಯಾಯವನ್ನು ನಿಲ್ಲಿಸಿದ್ದಾರೆ; ಕಥೆಯ ಕೊನೆಯಲ್ಲಿ ಧರ್ಮರಾಯನ ಹಿಂದೆ ಇನ್ನೊಂದು ನಾಯಿಯನ್ನು ನಡೆಸಿದ್ದಾರೆ.

ಪಂಢರಪುರದ ದಾರಿ ಹಿಡಿಯುವ ನಮ್ಮ ಸೀಮೆಯ ವಾರಕರಿಗಳು ನಾಮದೇವನ ಕಥೆಯನ್ನು ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಒಣ ರೊಟ್ಟಿಯನ್ನು ಕಚ್ಚಿಕೊಂಡು ನಾಯಿ ಓಡಿತು. ನಾಮದೇವ ಕೋಲು ಹಿಡಿದು ಓಡಲಿಲ್ಲ. ತುಪ್ಪದ ಬಟ್ಟಲು ಹಿಡಿದು ಓಡಿದ, ಬರಿಯ ರೊಟ್ಟಿ ತಿನ್ನಬೇಡ, ಸವರಿಕೊಡುತ್ತೇನೆ ಎಂದು ಕೂಗುತ್ತ. ಸಂತನಿಗೆ ತುಪ್ಪ, ಸಂಸಾರಿಗೆ ಮಜ್ಜಿಗೆ. ಇಬ್ಬರ ಮನಸ್ಸೂ ಒಂದೇ ಕಡೆಗೆ ಓಡಿತ್ತೆಂದು ನನ್ನ ಭಾವನೆ.

ಪುರಾಣದ ಮಾತಾಯಿತು, ಶಾಸನದ ಮಾತಿಗೆ ಬರೋಣ. ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಇತಿಹಾಸ ಬಲ್ಲವರಿಗೆಲ್ಲ ಪರಿಚಿತ. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. ೯೪೯-೫೦ರ ಕಾಲ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದಿದ್ದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಬೇಡು ಎಂದು ಬೂತುಗ ಹೇಳಿದ. ಮಣಲೇರ ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ. ಕಾಳಿ ಎಂಬ ಅರಸನ ನಾಯಿಯನ್ನು ಬೇಡಿದ. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ದತ್ತಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂದು ಶಾಸನ ಎಚ್ಚರಿಸುತ್ತದೆ. ತರಗತಿಯಲ್ಲಿ ಇದನ್ನು ಹೇಳುವಾಗ ತಕ್ಕೋಲದ ಯುದ್ಧದ ಮೇಲೆಯೇ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ನಿಲ್ಲಬೇಕಾಗಿದ್ದುದು ಆ ಕೊನೆಯ ಮಾತಿನ ಮೇಲೆ. ನಾಯಿಗೆ ಸಲ್ಲಬೇಕಾದುದು ಸಲ್ಲುವ ಮೊದಲು ತಾನು ಉಣ್ಣಬಾರದೆಂಬ ಕಟ್ಟಳೆ ಒಂದು ಸಾವಿರ ವರುಷದ ಹಿಂದೆ ಕನ್ನಡದಲ್ಲಿ ಕಲ್ಲಿನ ಮೇಲೆ ಬಿದ್ದಿತ್ತು!

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಸಾರಮೇಯ ವಿನೋದ’ ಎಂಬ ಒಂದು ಪ್ರಕರಣವೇ ಇದೆ; ಬೇಟೆನಾಯಿಗಳ ವಿಚಾರ ಅದು. ಸಾರಮೇಯ ಎಂದರೆ ಅದೇ ಸರಮೆಯ ಸಂತಾನ. ಗೊರವ ಎಂಬ ಹೆಸರೂ ಆತಕೂರಿಗೆ ಮುಗಿಯಲಿಲ್ಲ. ಇಂದು ಮೈಲಾರಲಿಂಗನ ಭಕ್ತರನ್ನು ಗೊರವರೆಂದು ಕರೆಯುತ್ತೇವೆ. ಅವರು ತಮ್ಮನ್ನು ಮೈಲಾರನ ನಾಯಿಗಳೆಂದು ಹೇಳಿಕೊಳ್ಳುತ್ತಾರೆ. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಅವರ ಮರದ ದೋಣಿಗಳಿಗೆ ಭಕ್ತರು ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ಸುರಿಯುತ್ತಾರೆ. ಗೊರವರು ಕೈ ನೆಲಕ್ಕೂರಿ, ಬೊಗಳುತ್ತ, ನಾಯಿಗಳಂತೆ ಬಾಯಿಯಿಂದಲೇ ಅದನ್ನು ಸೇವಿಸುತ್ತಾರೆ. ಬೆಳಗಾವಿ ಜಿಲ್ಲೆಯ ಮಂಗಸೂಳಿಯ ಖಂಡೋಬನೂ ಇದೇ ದೇವರು. ಅವನ ಕುದುರೆಯ ಬಳಿಯಲ್ಲಿ ನಾಯಿ ಇದ್ದೇ ಇರುತ್ತದೆ. ಹಟ್ಟಿಯ ದೇವರು, ಹಟ್ಟಿಯ ನಾಯಿ, ಹಟ್ಟಿಯ ಹಾಲು: ಮೂರನ್ನೂ ಪಶುಪಾಲಕರ ಭಕ್ತಿ ಒಂದೇ ದೋಣಿಯಲ್ಲಿ ಕಲಸಿದೆ.

ಇದು ನಮ್ಮ ನಾಡಿನ ವಿಶೇಷವೆಂದು ಬಹಳ ದಿನ ತಿಳಿದಿದ್ದೆ. ಪ್ರಾಚೀನ ರೋಮಿನ ಕೃಷಿಗ್ರಂಥಗಳು ಕೈಗೆ ಬಂದ ಮೇಲೆ ಆ ಹೆಮ್ಮೆ ಇಳಿಯಿತು. ಕವಿ ವರ್ಜಿಲನು ಕ್ರಿ.ಪೂ. ೨೯ರ ಸುಮಾರಿಗೆ ಮುಗಿಸಿದ ತನ್ನ ಕೃಷಿಕಾವ್ಯದಲ್ಲಿ, ನಾಯಿಗಳ ಆರೈಕೆಯನ್ನು ಕಡೆಗಣಿಸಬೇಡ, ಸ್ಪಾರ್ಟಾದ ಮರಿಗಳಿಗೂ ಮೊಲೋಸಿಯದ ಕಾವಲುನಾಯಿಗಳಿಗೂ ಹಾಲೊಡೆದ ನೀರನ್ನು ಕುಡಿಸಿ ಬೆಳೆಸು ಎಂದು ರೈತನಿಗೆ ಹೇಳುತ್ತಾನೆ. ಗಿಣ್ಣು ಕಟ್ಟಲು ಹಾಲೊಡೆದಾಗ ಮೇಲೆ ನಿಲ್ಲುವ ತಿಳಿನೀರು ಅದು. ಕ್ರಿ.ಶ. ಒಂದನೆಯ ಶತಮಾನದ ಕೊಲುಮೆಲ್ಲ, ಹಿಂಡುಗಳಿರುವ ಕಡೆಯಲ್ಲಿ ಬಾರ್ಲಿಯ ಹಿಟ್ಟನ್ನು ಆ ನೀರಿನಲ್ಲಿ ಕಲಸಿ ಎಲ್ಲ ನಾಯಿಗಳಿಗೂ ಹಾಕಬಹುದೆನ್ನುತ್ತಾನೆ. ಗಿಣ್ಣು ಪೇಟೆಗೆ, ನೀರು ನಾಯಿಗೆ. ಬೆಣ್ಣೆ ಸಂತೆಗೆ, ಮಜ್ಜಿಗೆ ಕಾಳ್ಯಾನಿಗೆ. ಅವರ ಬಾರ್ಲಿಯ ಜಾಗದಲ್ಲಿ ನಮ್ಮ ಜೋಳ. ಲೆಕ್ಕ ಒಂದೇ!

ಇವರಿಬ್ಬರಿಗಿಂತ ಹಿರಿಯನಾದ ವಾರ್ರೋ ಎಂಬ ಪಂಡಿತ ಇನ್ನೂ ಒಂದು ಮಾತು ಹೇಳಿದ್ದಾನೆ. ನಾಯಿಗೆ ಬಾರ್ಲಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು. ಏಕೆಂದರೆ ಆ ಆಹಾರದ ರುಚಿ ಹತ್ತಿದ ನಾಯಿ ಹಿಂಡನ್ನು ಬಿಟ್ಟು ಬೇಗನೆ ಹೋಗುವುದಿಲ್ಲ. ಈ ವಾಕ್ಯವನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಮೊದಲು ಹೇಳುತ್ತೇನೆಂದು ಬಿಟ್ಟಿದ್ದ ಮಾತನ್ನು ಇಲ್ಲಿ ಹೇಳಬೇಕು.

೧೯೬೨ರಲ್ಲಿ ನಾನು ಏಳನೆಯ ಇಯತ್ತೆ ಮುಗಿಸಿದೆ. ಮುಂದೆ ಓದಬೇಕಾದರೆ ಬೆಳಗಾವಿಗೆ ಹೋಗಬೇಕು. ಕೋಣೆಯ ಬಾಡಿಗೆ, ಊಟದ ಖರ್ಚು, ಶಾಲೆಯ ಫೀ ಎಲ್ಲ ಬೇಕು. ಅಪ್ಪನಲ್ಲಿ ರೊಕ್ಕವಿರಲಿಲ್ಲ. ಅದೇ ಸುಮಾರಿಗೆ ನಮ್ಮ ಕಡೆಯ ಊರುಗಳಿಂದ ಬೆಳಗಾವಿಗೆ ಹಾಲು ಹೋಗಲು ಮೊದಲಾಗಿತ್ತು. ಒಬ್ಬಾತ ನಸುಕಿನಲ್ಲಿ ಸೈಕಲ್ಲಿಗೆ ಕ್ಯಾನುಗಳನ್ನು ತೂಗುಹಾಕಿಕೊಂಡು ಬರುತ್ತಿದ್ದ. ಖಾನಾಪುರದ ಠಾಣೆಗೆ ಹೋಗಿ ಪ್ಯಾಸೆಂಜರ್ ಗಾಡಿಗೆ ಹಾಕುತ್ತಿದ್ದ. ಹೋಟೆಲುಗಳಿಗೆ ಚಹಕ್ಕೆ ಹಾಲು ಬೇಕು, ಬೆಳಗಾವಿಯ ಕುಂದಾ ಮಾಡುವವರಿಗೆ ಹಾಲು ಬೇಕು. ಬೆಣ್ಣೆಗಿಂತ ಹಾಲಿಗೆ ಹೆಚ್ಚು ದುಡ್ಡು, ಅದೂ ವಾರವಾರಕ್ಕೆ ಕೈಗೆ. ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಹಾಲು ಕ್ಯಾನಿಗೆ ಹೋಯಿತು. ಆಯಿ ಏನೂ ಅನ್ನಲಿಲ್ಲ. ಗಡಿಗೆಯನ್ನು ತೊಳೆದು ನೆಲುವಿನ ಮೇಲೆ ಬೋರಲು ಹಾಕಿದಳು.

ನಾನು ಬೆಳಗಾವಿಗೆ ಹೊರಡುವುದಕ್ಕೆ ಇನ್ನೂ ಎಂಟು ಹತ್ತು ದಿನಗಳಿದ್ದವು. ಆ ದಿನಗಳಲ್ಲಿ ಎರಡು ದೃಶ್ಯಗಳನ್ನು ಕಂಡೆ. ನೆರೆಮನೆಯಲ್ಲಿ ಗಂಡ ಸತ್ತ ಹೆಂಗಸೊಬ್ಬಳಿದ್ದಳು, ಚಿಕ್ಕ ಮಗನೊಡನೆ. ಅವಳು ತಂಬಿಗೆ ಹಿಡಿದು ಬಂದಳು, ಬರಿದು ತಂಬಿಗೆ ಹಿಡಿದು ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಮೂರನೆಯ ಸಲ ಬರಲಿಲ್ಲ. ಕಾಳ್ಯಾ ಮಾತ್ರ ದಿನವೂ ಬಂದ. ಕಡೆಗೋಲು ತೂಗುತ್ತಿದ್ದ ಕಂಬದ ಕೆಳಗೆ ಕುಳಿತು ಆಯಿಯ ಮುಖ ನೋಡುತ್ತಿದ್ದ. ಆಯಿ ಅವನಿಗೆ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಹಾಕುತ್ತಿದ್ದಳು. ಅವನು ಮೂಸಿ ನೋಡಿ, ಮರಿಗೆಯನ್ನು ಮೂತಿಯಿಂದ ನೂಕಿ, ಮತ್ತೆ ಮುಖ ನೋಡುತ್ತಿದ್ದ.

ದೀಪಾವಳಿಯ ಸೂಟಿಗೆ ಊರಿಗೆ ಬಂದಾಗ ಕಾಳ್ಯಾ ಇರಲಿಲ್ಲ. ಮರಿಗೆಯಲ್ಲಿ ಒಣಗಿದ ಬೇವಿನೆಲೆಗಳಿದ್ದವು. ಗುಡ್ಡದ ಮೇಲಿನ ಗೌಳಿವಾಡೆಯಲ್ಲಿ ಇದ್ದಾನೆಂದು ಯಾರೋ ಹೇಳಿದರು. ಒಂದು ಹರದಾರಿ ನಡೆದು ಹೋದೆ. ವಾಡೆಯ ಅಂಚಿನಲ್ಲಿಯೇ ಅವನು ನನ್ನನ್ನು ಗುರುತಿಸಿದ. ಕುಣಿದ, ಕೈ ನೆಕ್ಕಿದ. ಆ ಮನೆಯ ಗೌಳಿತಿ ನನ್ನನ್ನು ಕೂರಿಸಿ ದೊಡ್ಡದೊಂದು ಲೋಟದ ತುಂಬ ಮಜ್ಜಿಗೆ ಕೊಟ್ಟಳು. ಅಲ್ಲಿ ಇನ್ನೂ ಕಡೆಯುತ್ತಿದ್ದರು. ಹಾಲಿನ ಸೈಕಲ್ಲು ಆ ಗುಡ್ಡವನ್ನು ಹತ್ತಿರಲಿಲ್ಲ. ಹಿಂದಿರುಗುವಾಗ ಕಾಳ್ಯಾ ನನ್ನ ಹಿಂದೆಯೇ ಬಂದ. ಹಳ್ಳದ ತನಕ ಬಂದು ನಿಂತ. ನಾನು ನೀರು ದಾಟಿ ಕರೆದೆ. ಬಾಲವಾಡಿಸಿದ, ನನ್ನನ್ನು ನೋಡಿದ, ಗುಡ್ಡವನ್ನು ನೋಡಿದ, ತಿರುಗಿ ಗುಡ್ಡದ ಕಡೆಗೆ ಹೋದ. ಎರಡು ಸಾವಿರ ವರುಷದ ಹಿಂದೆ ವಾರ್ರೋ ಬರೆದುದು ಸುಳ್ಳಲ್ಲ.

ನನ್ನ ಓದು ಹೀಗೆ ನಡೆಯಿತು. ಆ ತಂಬಿಗೆಯ ಮಜ್ಜಿಗೆ, ಆ ಮರಿಗೆಯ ಮಜ್ಜಿಗೆ ನನ್ನ ಶಾಲೆಯ ಫೀ ಆಯಿತು. ಅಪ್ಪ ತಪ್ಪು ಮಾಡಿದನೆಂದು ನಾನು ಹೇಳಲಾರೆ. ಹೇಳುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವವನು ನಾನು.

ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಆದುದು ಮುಂದೆ ದೇಶದಲ್ಲೆಲ್ಲ ಆಯಿತು. ಗುಜರಾತಿನ ಆಣಂದದಲ್ಲಿ ೧೯೪೬ರಲ್ಲಿ ಹುಟ್ಟಿದ ಸಹಕಾರಿ ಪದ್ಧತಿಯ ಮಾದರಿಯಲ್ಲಿ ೧೯೭೦ರಲ್ಲಿ ‘ಆಪರೇಷನ್ ಫ್ಲಡ್’ ಯೋಜನೆ ಮೊದಲಾಯಿತು. ಕರ್ನಾಟಕದಲ್ಲಿ ೧೯೭೪ರಲ್ಲಿ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ೧೯೮೪ರಲ್ಲಿ ಅದು ಹಾಲು ಮಹಾಮಂಡಳವಾಯಿತು. ನಂದಿನಿಯ ಹೆಸರು ಮನೆಮಾತಾಯಿತು. ಊರೂರಿಗೆ ಸಂಘ, ಡಿಗ್ರಿ ನೋಡುವ ಯಂತ್ರ, ರೈತರ ಕೈಗೆ ನಿಶ್ಚಿತ ಹಣ. ಇದರಿಂದ ಎಷ್ಟೋ ಬಡಮನೆಗಳ ಒಲೆ ಉರಿದಿದೆ, ಎಷ್ಟೋ ಹೆಣ್ಣುಮಕ್ಕಳ ಮದುವೆಯಾಗಿದೆ, ನನ್ನಂಥ ಎಷ್ಟೋ ಹುಡುಗರು ಓದಿದ್ದಾರೆ. ಗೌಳಿಗಳ ಬದುಕೂ ಹಾಗೆಯೇ ಬದಲಾಯಿತು; ರಸ್ತೆ ಬಂದ ಕಡೆ ಬೆಣ್ಣೆಯ ಬದಲು 
ಹಾಲೇ ಗುಡ್ಡ ಇಳಿಯತೊಡಗಿತು. ಆದರೆ ಹಾಲನ್ನು ಹಾಲಾಗಿಯೇ ಮಾರುವ ಮನೆಯಲ್ಲಿ ಮಾರಲು ಬಾರದ ಪಾಲೆಂಬುದೇ ಉಳಿಯುವುದಿಲ್ಲ. ಮಾರಲು ಬಾರದ್ದು ಉಳಿಯದ ಕಡೆ ಕೇಳುವವರೂ ಬರುವುದಿಲ್ಲ. ಈಗ ಮಜ್ಜಿಗೆಯೇ ಪೊಟ್ಟಣದಲ್ಲಿ ಅಂಗಡಿಗೆ ಬರುತ್ತದೆ, ಬೆಲೆಯ ಮುದ್ರೆ ಹೊತ್ತು.

ಇರಲಿ. ಮೊಮ್ಮಗಳ ಪ್ರಶ್ನೆಗೆ ವಿಜ್ಞಾನದ ಉತ್ತರವನ್ನೂ ಕೊಡಬೇಕಷ್ಟೆ. ಹೊಟ್ಟೆಯ ವಿದ್ಯೆಯನ್ನು ಮನುಷ್ಯ ಬಹುಮಟ್ಟಿಗೆ ಕಲಿತದ್ದು ನಾಯಿಯಿಂದಲೇ. ರಷ್ಯದ ಪಾವ್ಲೋವ್ ತನ್ನ ನಾಯಿಗಳಿಗೆ ಮಾಂಸ, ರೊಟ್ಟಿ, ಹಾಲುಗಳನ್ನು ಬೇರೆ ಬೇರೆಯಾಗಿ ತಿನ್ನಿಸಿ, ಯಾವುದಕ್ಕೆ ಎಷ್ಟು ಜಠರರಸ ಎಷ್ಟು ಹೊತ್ತು ಸ್ರವಿಸುತ್ತದೆಂದು ಅಳೆದು ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ನಾಲ್ಕು ವರುಷಗಳ ಮೇಲೆ, ೧೯೦೮ರಲ್ಲಿ, ರೋಗನಿರೋಧದ ಬಗೆಗಿನ ಕೆಲಸಕ್ಕಾಗಿ ಅದೇ ಪಾರಿತೋಷಕವನ್ನು ಹಂಚಿಕೊಂಡವನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕೋವ್. ಬಲ್ಗೇರಿಯದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿಹಾಲು ಕಾರಣವೆಂದು ಅವನು ನಂಬಿದ್ದ. ತಾನೂ ಅದನ್ನು ಕುಡಿಯುತ್ತಿದ್ದ. ಆದರೆ ೧೯೧೬ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ಆಯಿ ಯಾವ ಸಿದ್ಧಾಂತವೂ ಇಲ್ಲದೆ ಅವನಿಗಿಂತ ಹೆಚ್ಚು ಬದುಕಿದಳು. ಮಜ್ಜಿಗೆಗೆ ಇದರ ಕೀರ್ತಿಯನ್ನು ಕೊಡುವ ಧೈರ್ಯ ಮಾತ್ರ ನನಗಿಲ್ಲ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆದು ಅರಗಿಸುವ ಶಕ್ತಿ ಮರಿಗಳಲ್ಲಿ ತುಂಬಿರುತ್ತದೆ; ನಾಯಿ ಬೆಳೆದಂತೆ ಕುಗ್ಗುತ್ತದೆ. ಎಷ್ಟೋ ಜನ ಮನುಷ್ಯರಲ್ಲಿಯೂ ಹೀಗೆಯೇ. ಅದಕ್ಕೇ ಬೆಳೆದ ನಾಯಿಗೆ ಹಸಿ ಹಾಲು ಹೆಚ್ಚಾದರೆ ಹೊಟ್ಟೆ ಕೆಡುವುದುಂಟು. ಹೆಪ್ಪಿನ ಜೀವಾಣುಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದು ಹುಳಿಯಾಗಿ ಮಾರ್ಪಡಿಸಿರುತ್ತವೆ. ನೀರು ಬೆರೆತ ಮಜ್ಜಿಗೆಯಲ್ಲಿ ಅದು ಇನ್ನೂ ತೆಳುವಾಗುತ್ತದೆ. ಜೋಳದ ಮಾತಿಗೂ ಆಧಾರವಿದೆ. ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶತಂತುಗಳನ್ನು ಹೋಲಿಸಿ, ಹಿಟ್ಟಿನ ಪದಾರ್ಥವನ್ನು ಅರಗಿಸುವ ಶಕ್ತಿ ನಾಯಿಯಲ್ಲಿ ಬಹಳ ಹೆಚ್ಚಿದೆಯೆಂದು ೧೯೧೩ರಲ್ಲಲ್ಲ, ಅದಕ್ಕೆ ಸರಿಯಾಗಿ ನೂರು ವರುಷಗಳ ಮೇಲೆ, ೨೦೧೩ರಲ್ಲಿ ಪ್ರಕಟಿಸಿದರು. ಮನುಷ್ಯನ ಹೊಲದಂಚಿನಲ್ಲಿ ಬಾಳಿ ಬಾಳಿ ನಾಯಿ ರೊಟ್ಟಿಗೆ ಒಗ್ಗಿಕೊಂಡಿತು. ಮುಧೋಳದ ಬೇಟೆನಾಯಿಯನ್ನೇ ನೋಡಿರಿ. ಆ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಇವರು ಮುತುವರ್ಜಿಯಿಂದ ಉಳಿಸಿ ಬೆಳೆಸಿದ ತಳಿ ಅದು. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನ ಕೇಂದ್ರವಾಯಿತು. ಗಾಳಿಯಂತೆ ಓಡುವ ಆ ನಾಯಿಯನ್ನು ಸುತ್ತಲಿನ ರೈತರು ಸಾಕಿದ್ದು ಜೋಳದ ನುಚ್ಚು, ಹಾಲುಗಳ ಮೇಲೆ.

ಇಷ್ಟರಿಂದ ಪೊಟ್ಟಣದ ಮಸಾಲೆ ಮಜ್ಜಿಗೆಯನ್ನು ಯಾರೂ ನಾಯಿಗೆ ಸುರಿಯಬಾರದು. ಉಪ್ಪು, ಹಸಿಮೆಣಸು ಅದಕ್ಕೆ ಹಿತವಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅದರ ರಕ್ತಕ್ಕೆ ವಿಷ. ಬೆಣ್ಣೆ ತೆಗೆದ, ಉಪ್ಪಿಲ್ಲದ, ತೆಳುವಾದ ಮಜ್ಜಿಗೆ ಸ್ವಲ್ಪ, ಊಟದ ಜೊತೆಗೆ. ಊಟದ ಬದಲಿಗೆ ಅಲ್ಲ. ಹೊಟ್ಟೆ ಸಡಿಲವಾದರೆ ನಿಲ್ಲಿಸಿ ಪಶುವೈದ್ಯರನ್ನು ಕಾಣಬೇಕು. ಉಪ್ಪು ಬೆರೆಸುವ ಮುನ್ನವೇ ನಾಯಿಯ ಪಾಲು ತೆಗೆಯುತ್ತಿದ್ದ ಆಯಿಗೆ ಇದೆಲ್ಲ ಹೇಗೆ ಗೊತ್ತಿತ್ತೋ!

ಇದನ್ನೆಲ್ಲ ಮೊಮ್ಮಗಳಿಗೆ ಎರಡು ಸಂಜೆ ಹೇಳಿದೆ. ವಾರ್ರೋನ ಮಾತಿಗೆ ನಕ್ಕಳು. ಕಾಳ್ಯಾನ ಮಾತಿಗೆ ಬ್ರೂನೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೊನೆಗೆ, “ಆ ನೆರಮನಿ ಹುಡುಗ ಮುಂದ ಏನಾದ, ಅಜ್ಜಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಯಿಯನ್ನು ಹುಡುಕಿಕೊಂಡು ಒಂದು ಹರದಾರಿ ನಡೆದ ನಾನು ಪಕ್ಕದ ಮನೆಯ ಬಾಗಿಲಿಗೆ ಹೋಗಿ ಕೇಳಿರಲಿಲ್ಲ.

ಅವಳು ಬೆಂಗಳೂರಿಗೆ ಹೋದ ಮೇಲೆ ನಾನು ಮನೆಯಲ್ಲಿ ಮತ್ತೆ ಮೊಸರು ಕಡೆಯತೊಡಗಿದ್ದೇನೆ. ಗಡಿಗೆಯಿಲ್ಲ, ಕಂಬವಿಲ್ಲ; ಒಂದು ಸ್ಟೀಲಿನ ಪಾತ್ರೆ, ಕೈಯಲ್ಲಿ ಹಿಡಿಯುವ ಸಣ್ಣ ಕಡೆಗೋಲು. ಗೇಟಿನ ಹೊರಗೊಂದು ಮಣ್ಣಿನ ಬೋಗುಣಿ ಇಟ್ಟಿದ್ದೇನೆ. ಓಣಿಯ ನಾಯಿಗಳು ಅದನ್ನು ಹತ್ತು ಗಂಟೆಯೊಳಗೆ ಬರಿದು ಮಾಡುತ್ತವೆ. ಒಳಗೆ ಕಟ್ಟೆಯ ಮೇಲೆ ಒಂದು ತಂಬಿಗೆಯನ್ನೂ ತುಂಬಿಡುತ್ತೇನೆ. ನೆಹರು ನಗರದಲ್ಲಿ ಮಜ್ಜಿಗೆ ಕೇಳಿಕೊಂಡು ಯಾರೂ ಬರುವುದಿಲ್ಲ. ಅಂಗಡಿ ನಾಲ್ಕು ಹೆಜ್ಜೆಯ ಮೇಲಿದೆ. ಸಂಜೆ ಅದು ಹುಳಿಯಾಗುವ ಹೊತ್ತಿಗೆ ನಾನೇ ಕುಡಿಯುತ್ತೇನೆ.